ಎಲ್ಲಿ ನಿಲ್ಲಿಸಬೇಕೆಂದು ಲೆಕ್ಕ ಹಾಕಿದವರು

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಗುಣ ನೋಡಲು ಯಾರೂ ಇಡೀ ಚೀಲ ಸುರಿಯುವುದಿಲ್ಲ. ಹಾಗಾದರೆ ಎಷ್ಟು ನೋಡಿದರೆ ಸಾಕು? ಇಂಥ ಪ್ರಶ್ನೆಗೆ ಗಣಿತದ ಉತ್ತರ ಕೊಟ್ಟವರು ಅಬ್ರಹಾಂ ವಾಲ್ಡ್.

1902ರಲ್ಲಿ ಇಂದಿನ ರೊಮೇನಿಯಾದಲ್ಲಿ ಹುಟ್ಟಿದ ಈ ಯಹೂದಿ, ನಾಜಿಗಳ ಕಾಟದಿಂದ 1938ರಲ್ಲಿ ಅಮೆರಿಕ ಸೇರಿದರು. ಯುದ್ಧಕಾಲದಲ್ಲಿ, ಪ್ರತಿ ಪರೀಕ್ಷೆಯ ಬಳಿಕ ಒಪ್ಪಬೇಕೋ, ಬಿಡಬೇಕೋ, ಇನ್ನೂ ನೋಡಬೇಕೋ ಎಂದು ನಿರ್ಧರಿಸುವ ವಿಧಾನ ರೂಪಿಸಿದರು. 1950ರ ಡಿಸೆಂಬರ್ 13ರಂದು, ಉಪನ್ಯಾಸಕ್ಕಾಗಿ ಭಾರತಕ್ಕೆ ಬಂದಿದ್ದಾಗ, ಪತ್ನಿಯೊಡನೆ ನೀಲಗಿರಿಯಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ಆಗ ವಯಸ್ಸು 48.

ಇಂದು ಹೊಸ ಔಷಧದ ಪ್ರಯೋಗವನ್ನು ನಡುವೆಯೇ ಪರಿಶೀಲಿಸಿ, ಹಾನಿ ಕಂಡರೆ ನಿಲ್ಲಿಸುವ ಪದ್ಧತಿಗೆ ಅವರ ವಿಧಾನವೂ ಒಂದು ಬೇರು. ಆದರೆ ನಿಲ್ಲಿಸುವ ನಿಯಮ ಮೊದಲೇ ಬರೆದಿಟ್ಟಿರಬೇಕು. ಮನಬಂದಂತೆ ಪದೇ ಪದೇ ಇಣುಕಿದರೆ ಆಕಸ್ಮಿಕವೂ ಔಷಧದ ಗುಣದಂತೆ ಕಾಣುತ್ತದೆ. ಬಿ.ಇ. ಓದುವ ನಮಗೆ ಸಂಭವನೀಯತೆ ಎಂದರೆ ಅಂಕ. ರೋಗಿಗೆ ಅದು ಜೀವ.