ಕಾಲ್ಚೆಂಡಿಗೆ ಹೊಸ ಕಟ್ಟಳೆ ತಂದ ಟಾಮ್ ವಿಲ್ಸ್

ಮೆಲ್ಬೋರ್ನ್ ನಗರದ ಕ್ರಿಕೆಟ್ ಮೈದಾನದ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರು ಹನ್ನೆರಡು ವಿಕೆಟುಗಳನ್ನು ಕಿತ್ತು, ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊಟ್ಟಮೊದಲ ಟೆಸ್ಟ್ ಜಯವನ್ನು ದೊರಕಿಸಿದುದು ಇದೇ ಮೈದಾನದಲ್ಲಿ. ಆ ಪಂದ್ಯ ಆರಂಭವಾದುದು 1977ರ ಡಿಸೆಂಬರ್ ಕೊನೆಯಲ್ಲಿ. ಈ ಮೈದಾನದ ಹೊರಗೆ ಒಂದು ಶಿಲ್ಪವಿದೆ. ಚೆಂಡಿಗಾಗಿ ಸೆಣಸುತ್ತಿರುವ ಇಬ್ಬರು ಹುಡುಗರು; ಅವರನ್ನು ನೋಡುತ್ತ ನಿಂತಿರುವ ಒಬ್ಬ ತೀರ್ಪುಗಾರ. ಆ ತೀರ್ಪುಗಾರನೇ ಟಾಮ್ ವಿಲ್ಸ್. ಆಸ್ಟ್ರೇಲಿಯದವರು ತಮ್ಮದೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲ್ಚೆಂಡಾಟವೊಂದುಂಟು. ಅದು ನಾವಾಡುವ ಫುಟ್ಬಾಲೂ ಅಲ್ಲ, ಇಂಗ್ಲೆಂಡಿನ ರಗ್ಬಿಯೂ ಅಲ್ಲ. ಆ ಆಟದ ಹುಟ್ಟಿನ ಕಥೆಯೂ ಈ ಮನುಷ್ಯನ ಬಾಳಿನ ಕಥೆಯೂ ಒಂದರೊಳಗೊಂದು ಹೆಣೆದುಕೊಂಡಿವೆ.

ಥಾಮಸ್ ವೆಂಟ್‌ವರ್ತ್ ವಿಲ್ಸ್ ಹುಟ್ಟಿದುದು 1835ರ ಆಗಸ್ಟ್ 19ರಂದು, ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ. ಅವನ ತಾತನು ದಾರಿಗಳ್ಳತನದ ಅಪರಾಧಕ್ಕಾಗಿ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದವನು. ತಂದೆ ಹೊರೇಷಿಯೋ ವಿಲ್ಸ್ ಮುದ್ರಣಾಲಯದಲ್ಲಿ ಕೆಲಸ ಕಲಿತು, ಪತ್ರಿಕೆಯೊಂದನ್ನು ನಡೆಸಿ, ಬಳಿಕ ಕುರಿ ಸಾಕಣೆಯಿಂದ ಶ್ರೀಮಂತನಾದನು. ಟಾಮ್ ಇನ್ನೂ ಬಾಲಕನಾಗಿದ್ದಾಗಲೇ ಕುಟುಂಬವು ವಿಕ್ಟೋರಿಯದ ಪಶ್ಚಿಮ ಭಾಗಕ್ಕೆ ಹೋಗಿ ನೆಲೆಸಿತು. ಅದು ಜಾಬ್ ವುರುಂಗ್ ಎಂಬ ಮೂಲನಿವಾಸಿಗಳ ನೆಲ. ಸುತ್ತಮುತ್ತ ಬಿಳಿಯರ ಮಕ್ಕಳು ವಿರಳವಾಗಿದ್ದುದರಿಂದ ಟಾಮನಿಗೆ ಆ ಜನರ ಮಕ್ಕಳೇ ಒಡನಾಡಿಗಳಾದರು. ಅವರ ಭಾಷೆಯನ್ನು ಅವನು ಸರಾಗವಾಗಿ ಕಲಿತನು; ಅವರ ಹಾಡು, ಕುಣಿತಗಳನ್ನೂ ಅನುಕರಿಸುತ್ತಿದ್ದನು.

ತಂದೆಗೆ ಮಗನ ಮೇಲೆ ಅಪಾರವಾದ ಆಸೆಯಿತ್ತು. ಟಾಮ್ ಇಂಗ್ಲೆಂಡಿನಲ್ಲಿ ಓದಬೇಕು, ಕೇಂಬ್ರಿಜ್ ಸೇರಬೇಕು, ನ್ಯಾಯವಾದಿಯಾಗಿ ಮರಳಬೇಕು. ಹೀಗೆಂದು 1850ರಲ್ಲಿ ಹದಿನಾಲ್ಕು ವರ್ಷದ ಹುಡುಗನನ್ನು ಹಡಗು ಹತ್ತಿಸಿ ರಗ್ಬಿ ಎಂಬ ಪ್ರಸಿದ್ಧ ಶಾಲೆಗೆ ಕಳುಹಿಸಿದನು. ಹುಡುಗನಿಗೆ ಪುಸ್ತಕ ಒಲಿಯಲಿಲ್ಲ. ಬ್ಯಾಟು ಮತ್ತು ಚೆಂಡು ಒಲಿದವು. ಶಾಲೆಯ ಕ್ರಿಕೆಟ್ ತಂಡಕ್ಕೆ ಅವನೇ ನಾಯಕನಾದನು. ಆ ಶಾಲೆಯ ಹೆಸರನ್ನೇ ಹೊತ್ತ ಒರಟಾದ ಕಾಲ್ಚೆಂಡಾಟದಲ್ಲಿಯೂ ಮುಂದಾಳಾದನು. ಕೇಂಬ್ರಿಜ್ ಪರವಾಗಿ ಆಕ್ಸ್‌ಫರ್ಡಿನ ಎದುರು ಒಂದು ಕ್ರಿಕೆಟ್ ಪಂದ್ಯವನ್ನು ಆಡಿದನೇ ಹೊರತು ಅಲ್ಲಿ ಓದಲಿಲ್ಲ. 1856ರ ಡಿಸೆಂಬರಿನಲ್ಲಿ ಅವನು ತಾಯ್ನಾಡಿಗೆ ಮರಳಿದಾಗ ಕೈಯಲ್ಲಿ ಪದವಿ ಇರಲಿಲ್ಲ. ಆದರೆ ಅವನಂಥ ಕ್ರಿಕೆಟಿಗನು ಆ ವಸಾಹತಿನಲ್ಲಿ ಮತ್ತೊಬ್ಬನಿಲ್ಲವೆಂಬ ಮಾತು ಬೇಗನೆ ಹಬ್ಬಿತು.

ಆಗಿನ ಮೆಲ್ಬೋರ್ನ್ ಚಿನ್ನದ ಗಣಿಗಳಿಂದ ಕೊಬ್ಬಿ ಬೆಳೆಯುತ್ತಿದ್ದ ಊರು. ಬೇಸಗೆಯಲ್ಲಿ ಕ್ರಿಕೆಟ್ ಉಂಟು. ಚಳಿಗಾಲದಲ್ಲಿ ಆಟಗಾರರು ಮೈ ಬೆಳೆಸಿ ಕುಳಿತಿರುವರು. ಇದನ್ನು ಕಂಡ ವಿಲ್ಸ್ 1858ರ ಜುಲೈ ತಿಂಗಳಲ್ಲಿ ಒಂದು ಕ್ರೀಡಾಪತ್ರಿಕೆಗೆ ಪತ್ರ ಬರೆದನು. ಕ್ರಿಕೆಟಿಗರು ಚಳಿಗಾಲದಲ್ಲಿ ಮೈಗೂಡಿಸಿಕೊಂಡಿರಲು ಕಾಲ್ಚೆಂಡಾಟದ ಸಂಘವೊಂದನ್ನು ಕಟ್ಟಬೇಕು, ಅದಾಗದಿದ್ದರೆ ಬಂದೂಕಿನ ಗುರಿಯಾಟದ ಸಂಘವನ್ನಾದರೂ ಕಟ್ಟಬೇಕೆಂಬುದು ಪತ್ರದ ಸಾರ. ಅದೇ ತಿಂಗಳ ಕೊನೆಗೆ ಕ್ರಿಕೆಟ್ ಮೈದಾನದ ಪಕ್ಕದ ಹುಲ್ಲುಗಾವಲಿನಲ್ಲಿ ಜನ ಚೆಂಡನ್ನು ಒದೆಯಲು ಕೂಡಿದರು. ಆಗಸ್ಟ್ 7ರಂದು ಸ್ಕಾಚ್ ಕಾಲೇಜ್ ಮತ್ತು ಮೆಲ್ಬೋರ್ನ್ ಗ್ರಾಮರ್ ಎಂಬ ಎರಡು ಶಾಲೆಗಳ ನಡುವೆ ಪಂದ್ಯ ನಡೆಯಿತು. ಒಂದೊಂದು ಪಕ್ಷಕ್ಕೆ ನಲವತ್ತು ಆಟಗಾರರು! ವಿಲ್ಸ್‌ನ ಜೊತೆಗೆ ಮತ್ತೊಬ್ಬ ತೀರ್ಪುಗಾರನಾಗಿದ್ದವನು ಜಾನ್ ಮೆಕಡಮ್ ಎಂಬ ರಸಾಯನಶಾಸ್ತ್ರಜ್ಞ. ಮಕಡೇಮಿಯ ಎಂಬ ಮರಕ್ಕೆ ಹೆಸರು ಬಂದುದು ಇವನಿಂದಲೇ. ಎರಡು ಗೋಲು ಹೊಡೆದವರಿಗೆ ಗೆಲುವೆಂದು ನಿಶ್ಚಯವಾಗಿತ್ತು. ಮೂರು ಶನಿವಾರ ಆಡಿದರೂ ಒಬ್ಬೊಬ್ಬರಿಗೆ ಒಂದೊಂದೇ ಗೋಲು ದಕ್ಕಿ ಪಂದ್ಯವು ಸಮವಾಯಿತು. ಶಿಲ್ಪಿಯು ಕಡೆದಿರುವುದು ಈ ಪಂದ್ಯವನ್ನೇ.

ಆದರೆ ಆಗ ಎಲ್ಲರಿಗೂ ಒಪ್ಪಿಗೆಯಾದ ನಿಯಮಗಳು ಇರಲಿಲ್ಲ. ಒಬ್ಬೊಬ್ಬನು ತಾನು ಕಲಿತ ಶಾಲೆಯ ರೀತಿಯಲ್ಲಿ ಆಡುತ್ತಿದ್ದನು. ಈ ಗೊಂದಲವನ್ನು ನೀಗಿಸಲು, 1859ರ ಮೇ 14ರಂದು ಸ್ಥಾಪನೆಯಾದ ಮೆಲ್ಬೋರ್ನ್ ಫುಟ್ಬಾಲ್ ಸಂಘದ ಕೆಲವು ಸದಸ್ಯರು ಮೂರು ದಿನಗಳ ಬಳಿಕ ಒಂದು ಹೋಟೆಲಿನಲ್ಲಿ ಸಭೆ ಸೇರಿದರು. ವಿಲ್ಸ್, ಹ್ಯಾಮರ್ಸ್ಲಿ, ಥಾಂಪ್ಸನ್, ಸ್ಮಿತ್ ಮೊದಲಾದವರು ಅಲ್ಲಿದ್ದರು. ಈ ಸಭೆಯೇ ನಮ್ಮ ಕಥೆಯ ತಿರುಳು. ರಗ್ಬಿ ಶಾಲೆಯ ನಿಯಮಗಳನ್ನೇ ತರಬೇಕೆಂಬುದು ವಿಲ್ಸ್‌ನ ಹಂಬಲ. ಉಳಿದವರಿಗೆ ಆ ನಿಯಮಗಳು ತೊಡಕಾಗಿ ತೋರಿದವು. ರಗ್ಬಿಯಲ್ಲಿ ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದು ಆಟದ ಭಾಗವಾಗಿತ್ತು. ಶಾಲೆಯ ಹುಡುಗರು ಮೆತ್ತನೆಯ ಹುಲ್ಲಿನ ಮೇಲೆ ಹಾಗೆ ಆಡಬಹುದು. ಮೆಲ್ಬೋರ್ನಿನ ಗಟ್ಟಿನೆಲದ ಮೇಲೆ, ಮರುದಿನ ದುಡಿದು ಉಣ್ಣಬೇಕಾದ ದೊಡ್ಡವರು ಕಾಲು ಮುರಿದುಕೊಂಡರೆ ಗತಿಯೇನು? ವಿಲ್ಸ್ ಹಟ ಹಿಡಿಯಲಿಲ್ಲ. ಹೀಗೆ ಹತ್ತು ನಿಯಮಗಳ ಒಂದು ಚಿಕ್ಕ ಪಟ್ಟಿ ಸಿದ್ಧವಾಯಿತು. ಕಾಲಿಗೆ ಒದೆಯುವಂತಿಲ್ಲ, ಚೆಂಡನ್ನು ಕೈಯಿಂದ ಎಸೆಯುವಂತಿಲ್ಲ, ಒದ್ದ ಚೆಂಡನ್ನು ನೇರವಾಗಿ ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಹಕ್ಕು. ಚೆಂಡಿಗಿಂತ ಮುಂದೆ ನಿಲ್ಲಬಾರದೆಂಬ ಕಟ್ಟು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಯಾರು ಓದಿದರೂ ಅರ್ಥವಾಗುವಂತಹ ನಿಯಮಗಳಿವು.

ಅದೇ ವರ್ಷ ಜೀಲಾಂಗಿನಲ್ಲಿಯೂ ಸಂಘ ಹುಟ್ಟಿತು. 1866ರಲ್ಲಿ ವಿಲ್ಸ್‌ನ ಬಂಧು ಹ್ಯಾರಿಸನ್ ಎಂಬವನ ಮುಂದಾಳ್ತನದಲ್ಲಿ ನಿಯಮಗಳು ಪರಿಷ್ಕಾರಗೊಂಡವು. ಚೆಂಡನ್ನು ಹಿಡಿದು ಓಡುವವನು ಐದಾರು ಗಜಕ್ಕೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕೆಂದಾಯಿತು. 1877ರಲ್ಲಿ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯಗಳೆರಡರಲ್ಲಿಯೂ ಸಂಘಗಳ ಒಕ್ಕೂಟಗಳು ಏರ್ಪಟ್ಟವು. 1897ರಲ್ಲಿ ಎಂಟು ತಂಡಗಳು ಬೇರೆಯಾಗಿ ತಮ್ಮದೇ ಲೀಗನ್ನು ಆರಂಭಿಸಿದವು. 1990ರಲ್ಲಿ ಇಡೀ ದೇಶದ ಹೆಸರನ್ನು ಹೊತ್ತುದು ಈ ಲೀಗೇ.

ಆಟ ಬೆಳೆಯಿತು, ಅದನ್ನು ನೆಟ್ಟವನ ಬಾಳು ಬಾಡಿತು. 1861ರಲ್ಲಿ ವಿಲ್ಸ್ ತಂದೆಯೊಡನೆ ಕ್ವೀನ್ಸ್‌ಲೆಂಡಿನ ಒಳನಾಡಿಗೆ ಹೊಸ ಕುರಿ ಹುಲ್ಲುಗಾವಲನ್ನು ಮಾಡಲು ಹೋದನು. ಅಕ್ಟೋಬರ್ 17ರಂದು ಗಯಿರಿ ಜನರು ಬೀಡಿನ ಮೇಲೆ ಎರಗಿ ಅವನ ತಂದೆಯೂ ಸೇರಿ ಹತ್ತೊಂಬತ್ತು ಮಂದಿಯನ್ನು ಕೊಂದರು. ಸಾಮಾನು ತರಲು ಹೋಗಿದ್ದ ಟಾಮ್ ಉಳಿದುಕೊಂಡನು. ಇದಕ್ಕೆ ಪ್ರತೀಕಾರವಾಗಿ ಪೊಲೀಸರೂ ವಲಸಿಗರೂ ಕೊಂದ ಮೂಲನಿವಾಸಿಗಳ ಸಂಖ್ಯೆ ಇದರ ಹಲವು ಪಟ್ಟು. ಟಾಮನೂ ಅದರಲ್ಲಿ ಕೈಗೂಡಿಸಿದ್ದನೆಂದು ಹೇಳುವ 1895ರ ಅಮೆರಿಕದ ಪತ್ರಿಕಾ ಲೇಖನವೊಂದು 2021ರಲ್ಲಿ ಬೆಳಕಿಗೆ ಬಂದಿತು. ಅದನ್ನು ನಂಬುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಇಷ್ಟಾದ ಮೇಲೂ ಅದೇ ಮನುಷ್ಯನು ಪಶ್ಚಿಮ ವಿಕ್ಟೋರಿಯದ ಮೂಲನಿವಾಸಿ ಯುವಕರಿಗೆ ಕ್ರಿಕೆಟ್ ಕಲಿಸಲು ಹೋದನೆಂಬುದು ಸೋಜಿಗದ ಸಂಗತಿ. 1866ರ ಡಿಸೆಂಬರ್ 26ರಂದು ಆ ತಂಡದ ನಾಯಕನಾಗಿ ಮೆಲ್ಬೋರ್ನ್ ಮೈದಾನಕ್ಕೆ ಇಳಿದಾಗ ನೆರೆದವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ಅದೇ ತಂಡದ ಹಲವರು 1868ರಲ್ಲಿ ಇಂಗ್ಲೆಂಡಿಗೆ ಹೋಗಿ ಆಡಿದರು. ಆದರೆ ಆಗ ವಿಲ್ಸ್ ಅವರೊಡನೆ ಇರಲಿಲ್ಲ.

ಬಾಲ್ಯದಲ್ಲಿ ಕಂಡ ಮೂಲನಿವಾಸಿಗಳ ಚೆಂಡಾಟವೇ ವಿಲ್ಸ್‌ಗೆ ಹೊಸ ಆಟದ ಪ್ರೇರಣೆಯೆಂದು ಕೆಲವರು ವಾದಿಸುತ್ತಾರೆ. ಮಾರ್ನ್‌ಗ್ರುಕ್ ಎಂಬ ಅಂತಹ ಆಟವು ಆ ಸೀಮೆಯಲ್ಲಿ ಇದ್ದುದು ನಿಜ. ಆದರೆ ವಿಲ್ಸ್‌ನ ಪತ್ರಗಳಲ್ಲಾಗಲಿ ಸಭೆಯ ಬರಹದಲ್ಲಾಗಲಿ ಅದರ ಉಲ್ಲೇಖವಿಲ್ಲ. ವಾದವು ಇನ್ನೂ ಮುಗಿದಿಲ್ಲ.

ಕೊನೆಯ ವರ್ಷಗಳಲ್ಲಿ ಕುಡಿತವು ಅವನನ್ನು ನುಂಗಿತು. ಹಣ ಹೋಯಿತು, ಗೆಳೆಯರು ದೂರವಾದರು. 1880ರ ಮೇ 2ರಂದು, ನಲವತ್ತನಾಲ್ಕರ ವಯಸ್ಸಿನಲ್ಲಿ, ಭ್ರಮೆಗೊಳಗಾದ ಸ್ಥಿತಿಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಗೋರಿಗೆ ಒಂದು ಕಲ್ಲು ಸಹ ಇರಲಿಲ್ಲ. ಆಟದ ಪಿತಾಮಹನೆಂಬ ಬಿರುದು ಬಹುಕಾಲ ಹ್ಯಾರಿಸನ್ನನಿಗೇ ಸಂದಿತು. ಮೆಲ್ಬೋರ್ನ್ ಕ್ರಿಕೆಟ್ ಸಂಘವು ವಿಲ್ಸ್‌ನ ಗೋರಿಗೆ ಕಲ್ಲನ್ನು ನಿಲ್ಲಿಸಿದುದು 1980ರಲ್ಲಿ, ಸತ್ತು ನೂರು ವರ್ಷಗಳಾದ ಮೇಲೆ.

ಈ ಜೀವನದಿಂದ ನಾವು ಏನನ್ನು ಕಲಿಯಬೇಕು? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಲಿತದ್ದನ್ನು ಊರಿಗೆ ಒಯ್ದು ಏನು ಮಾಡುವೆ ಎಂದು ನನ್ನನ್ನು ಕೇಳುವವರುಂಟು. ವಿಲ್ಸ್‌ನ ಬಾಳೆಲ್ಲವೂ ಅನುಕರಣೀಯವೆಂದು ನಾನು ಹೇಳಲಾರೆ. ಆದರೆ ಆ ಹೋಟೆಲಿನ ಸಭೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ದೂರದ ಶಾಲೆಯಿಂದ ವಿದ್ಯೆ ತಂದವನು ಅಲ್ಲಿ ಒಬ್ಬನಿದ್ದನು. ಆ ನೆಲ ಗಟ್ಟಿಯೆಂದು, ಆ ಜನ ದುಡಿಯುವವರೆಂದು ನೆನಪಿಸಿದವರೂ ಇದ್ದರು. ತಂದದ್ದನ್ನು ತಂದ ಹಾಗೆಯೇ ಹೇರಿದ್ದರೆ ಆ ಊರಿಗೆ ರಗ್ಬಿ ಸಿಕ್ಕುತ್ತಿತ್ತು, ಅಷ್ಟೆ. ಅವನು ಇತರರ ಮಾತಿಗೆ ಕಿವಿಗೊಟ್ಟನು. ಒಂದು ನಾಡಿಗೆ ತನ್ನದೇ ಆದ ಆಟ ದೊರಕಿತು. ಮುಂದೆ ಅವನು ಕುಸಿಯುತ್ತಿದ್ದಾಗ ಅವನ ಮಾತಿಗೆ ಅದೇ ರೀತಿ ಕಿವಿಗೊಡುವವರು ಯಾರಾದರೂ ಇದ್ದಿದ್ದರೆ! ಆ ಶಿಲ್ಪದ ಚಿತ್ರವನ್ನು ನೋಡಿದಾಗಲೆಲ್ಲ ಈ ಮಾತು ನನ್ನ ಮನಸ್ಸಿಗೆ ಬರುತ್ತದೆ.