ಕನ್ನಡ ಕಾವ್ಯವನ್ನು ಪ್ರೀತಿಸಿದ ಕಿಟ್ಟೆಲ್ ಅಯ್ಯನವರು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬೀ ಊರುಗಳ ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಅಜ್ಜಿಯರು ನಸುಕಿನಲ್ಲಿ ಎದ್ದು ಜೋಳ ಬೀಸುತ್ತಾ ಹಾಡುತ್ತಿದ್ದ ಮೂರು ಸಾಲಿನ ಪದಗಳನ್ನು ನಿಮ್ಮಲ್ಲಿ ಹಿರಿಯರಾದವರು ಕೇಳಿದ್ದೀರಿ. ಆದರೆ ನಾವು ಕರ್ತನ ಸಭೆಗೆ ಸೇರಿದ ಮೇಲೆ ಇಂಥ ಪದಗಳಿಂದಲೂ ಹಳೆಯ ಕಾವ್ಯಗಳಿಂದಲೂ ನಮಗೇನು ಪ್ರಯೋಜನವೆಂದು ಕೆಲವರು ಕೇಳುವದುಂಟು. ಈ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವದಕ್ಕಿಂತ ಒಬ್ಬ ಮನುಷ್ಯನ ಜೀವಮಾನವನ್ನು ತೋರಿಸುವದೇ ಲೇಸು. ಅವರು ಬೇರೆ ಯಾರೂ ಅಲ್ಲ, ಕನ್ನಡ ನಿಘಂಟನ್ನು ಬರೆದ ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು.

ಅವರು 1832ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಜರ್ಮನಿ ದೇಶದ ಉತ್ತರ ಸಮುದ್ರ ತೀರದ ಪೂರ್ವ ಫ್ರೀಸ್‌ಲಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದರು. ಚಿಕ್ಕಂದಿನಿಂದಲೂ ಭಾಷೆಗಳ ಮೇಲೆ ಅವರಿಗೆ ಬಹಳ ಆಸಕ್ತಿ; ಇಬ್ರಿಯ, ಗ್ರೀಕ್, ಲಾಟೀನ್ ಭಾಷೆಗಳನ್ನು ಎಳೆಯ ಪ್ರಾಯದಲ್ಲೇ ಕಲಿತರು. ಬಳಿಕ ಸ್ವಿಸ್ ದೇಶದ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಶಾಲೆಯಲ್ಲಿ ಅಭ್ಯಾಸ ಮಾಡಿ, 1853ರಲ್ಲಿ, ಇಪ್ಪತ್ತೊಂದು ವರುಷದ ಪ್ರಾಯದಲ್ಲಿ, ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು.

ಆ ಕಾಲದಲ್ಲಿ ಕನ್ನಡದ ಹಳೆಯ ಕಾವ್ಯಗಳು ಬಹುಮಟ್ಟಿಗೆ ತಾಳೆಗರಿಗಳಲ್ಲಿಯೂ ಕೈಬರಹದ ಕಾಗದಗಳಲ್ಲಿಯೂ ಅಡಗಿದ್ದವು. ಕಿಟ್ಟೆಲ್ ಅಯ್ಯನವರಿಗಿಂತ ಮುಂಚೆ ಬಂದಿದ್ದ ಹೆರ್ಮನ್ ಮೊಗ್ಲಿಂಗ್ ಅಯ್ಯನವರು ಕಸಮೇಜರ್ ಎಂಬ ನ್ಯಾಯಾಧೀಶರ ಧನಸಹಾಯದಿಂದ 1848ರಿಂದ ಮಂಗಳೂರಿನ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವುಗಳನ್ನು ಅಚ್ಚು ಹಾಕಿಸತೊಡಗಿದ್ದರು. ಹೀಗೆ ಹೊಸದಾಗಿ ಬಂದ ಯೌವನಸ್ಥನಿಗೆ ಓದುವದಕ್ಕೆ ದೊಡ್ಡ ಭಂಡಾರವೇ ತೆರೆದಿತ್ತು. ಅವರು ಅದರೊಳಗೆ ಹೊಕ್ಕರು; ಸಾಯುವ ವರೆಗೂ ಹೊರಗೆ ಬರಲಿಲ್ಲ.

ಧಾರವಾಡದಲ್ಲಿ ಸೇವೆ ಆರಂಭಿಸಿದಾಗ ಅವರು ಕಾಲ್ನಡೆಯಿಂದಲೇ ಹಳ್ಳಿಗಳಿಗೆ ಹೋಗುತ್ತಿದ್ದರು. ಅಪೊಸ್ತಲನಾದ ಪೌಲನ ಮಾರ್ಗವನ್ನು ಹಿಡಿದು, ಈ ದೇಶದವರಿಗೆ ಈ ದೇಶದವನಂತೆಯೇ ಆಗಬೇಕೆಂಬದು ಅವರ ಮನೋರಥವಾಗಿತ್ತು. ಪಂಡಿತರ ಹತ್ತಿರ ಕೂತು ಹಳಗನ್ನಡದ ಪದ್ಯಗಳನ್ನು ಬಿಡಿಸಿ ಅರ್ಥ ತಿಳಿದುಕೊಂಡರು. ಇದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಅವರ ನಡತೆಯ ವಿಷಯವಾಗಿ ಜೊತೆಗಾರರಿಗೂ ಬಾಸೆಲಿನ ಹಿರಿಯರಿಗೂ ಮನಸ್ತಾಪ ಉಂಟಾಯಿತು. ಅವರ ಸಾರೋಣದಿಂದ ಸಭೆಗೆ ಸೇರಿದವರೂ ಕೆಲವರೇ. ಲೆಕ್ಕ ನೋಡುವವರ ಕಣ್ಣಿಗೆ ಅವರ ಸೇವೆಯು ಫಲವಿಲ್ಲದ ಮರದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಹೀಗಿದ್ದರೂ ಅವರು ಕಾವ್ಯದ ಓದನ್ನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ನಮ್ಮ ಜನರು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದದ್ದನ್ನೆಲ್ಲಾ ಪದ್ಯದಲ್ಲಿ ಕಟ್ಟಿ ಇಡುತ್ತಿದ್ದರು. ನೀತಿಯಾಗಲಿ ವೈದ್ಯವಾಗಲಿ ದೇವರ ಕಥೆಯಾಗಲಿ ಹಾಡಿನ ರೂಪದಲ್ಲಿಯೇ ತಂದೆಯಿಂದ ಮಗನಿಗೆ ಬರುತ್ತಿತ್ತು. ಓದು ಬಾರದವನ ಪುಸ್ತಕವು ಅವನ ನಾಲಿಗೆಯ ಮೇಲಿನ ಹಾಡೇ. ಆದಕಾರಣ 1862ರಲ್ಲಿ ಕಿಟ್ಟೆಲ್ ಅಯ್ಯನವರು ಯೇಸು ಸ್ವಾಮಿಯ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ರಚಿಸಿ, ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು.

ಇದು ಸುಲಭವಾದ ಕೆಲಸವಲ್ಲ. ಯೂರೋಪಿನ ಹಾಡುಗಳಲ್ಲಿ ಪ್ರಾಸವು ಸಾಲಿನ ಕೊನೆಯಲ್ಲಿ ಬರುವದು ರೂಢಿ. ಕನ್ನಡದ ಹಳೆಯ ಪದ್ಯಗಳಲ್ಲಿಯೋ ಪ್ರತಿ ಸಾಲಿನ ಎರಡನೆಯ ಅಕ್ಷರವು ಒಂದಕ್ಕೊಂದು ಹೊಂದಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಎಣಿಸಿ ಸಾಲು ಕಟ್ಟಬೇಕು. ಸಮುದ್ರದ ಆಚೆಯಿಂದ ಬಂದವನು ಇದನ್ನು ಕಲಿತು ಪದ್ಯ ಕಟ್ಟಿದ್ದು ದೊಡ್ಡ ಸಂಗತಿ. ಕಥಾಮಾಲೆಯು ಲಕ್ಷ್ಮೀಶನ ಕಾವ್ಯದ ಪಂಕ್ತಿಗೆ ಸೇರತಕ್ಕದ್ದೆಂದು ಯಾರೂ ಹೇಳುವದಿಲ್ಲ. ಆದರೆ ಸುವಾರ್ತೆಯು ಕನ್ನಡಿಗನ ಮನೆಗೆ ಪರದೇಶದ ಉಡುಪಿನಲ್ಲಿಯೇ ಬರಬೇಕೆಂಬ ನಿಯಮವಿಲ್ಲವೆಂದು ಅದು ತೋರಿಸಿಕೊಟ್ಟಿತು.

ತರುವಾಯ ಅವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪರಿಶೋಧಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಎರಡನೆಯ ಪುಸ್ತಕಕ್ಕೆ ಕನ್ನಡ ಕವಿಗಳ ಚರಿತ್ರೆಯನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಬರೆದು ಕೂಡಿಸಿದರು. ನಾಗವರ್ಮನು ಸುಮಾರು ಸಾವಿರ ವರುಷಗಳ ಹಿಂದಿನ ಕವಿ. ಸಂಸ್ಕೃತದಿಂದ ಬಂದ ವೃತ್ತಗಳನ್ನಲ್ಲದೆ ಕನ್ನಡ ನೆಲದಲ್ಲೇ ಹುಟ್ಟಿದ ತ್ರಿಪದಿ, ಷಟ್ಪದಿ ಮೊದಲಾದವುಗಳ ಲಕ್ಷಣವನ್ನೂ ಅವನು ಹೇಳಿದ್ದಾನೆ. ವಾಚಕರೇ, ನಮ್ಮ ಅಜ್ಜಿಯರ ಬೀಸುವ ಪದಗಳು ಈ ತ್ರಿಪದಿಯ ಮಟ್ಟಿನವೇ ಎಂಬದನ್ನು ಗಮನಿಸಿರಿ. ಅಕ್ಷರ ಅರಿಯದ ಹೆಂಗಸು ಕಲ್ಲಿನ ಮುಂದೆ ಹಾಡಿದ ಪದಕ್ಕೂ ಅರಮನೆಯ ಪಂಡಿತನು ವರ್ಣಿಸಿದ ಛಂದಸ್ಸಿಗೂ ಮೂಲವು ಒಂದೇ.

ಇನ್ನು ಅವರ ನಿಘಂಟಿನ ವಿಷಯ. ಈ ಕಾರ್ಯಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ವರುಷಗಳು ಹಿಡಿದವು. ಶರೀರವು ಕುಗ್ಗಿದ್ದರೂ 1883ರಲ್ಲಿ, ಐವತ್ತು ದಾಟಿದ ಪ್ರಾಯದಲ್ಲಿ, ಈ ಕೆಲಸಕ್ಕಾಗಿಯೇ ಜರ್ಮನಿಯಿಂದ ತಿರಿಗಿ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಪುಸ್ತಕವು ಹೊರಟಿತು. ಅದರಲ್ಲಿ ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕ ಪುಟಗಳು. ಅದನ್ನು ತೆರೆದು ನೋಡುವವನಿಗೆ ಇದು ಕಾವ್ಯವನ್ನು ಪ್ರೀತಿಸಿದವನ ಕೆಲಸವೆಂದು ಒಡನೆ ತಿಳಿಯುತ್ತದೆ. ಯಾಕಂದರೆ ಎಷ್ಟೋ ಶಬ್ದಗಳಿಗೆ ಬಸವಪುರಾಣದಿಂದಲೂ ಜೈಮಿನಿ ಭಾರತದಿಂದಲೂ ದಾಸರ ಪದಗಳಿಂದಲೂ ಸಾಕ್ಷಿಗಳನ್ನು ತೆಗೆದುಕೊಟ್ಟಿದ್ದಾರೆ. ಅದರ ಜೊತೆಗೆ ಹಳ್ಳಿಗರ ಗಾದೆಗಳನ್ನೂ ಹೇರಳವಾಗಿ ಸೇರಿಸಿದ್ದಾರೆ.

ನಮಗೆ ವಿಶೇಷವಾಗಿ ಸಂತೋಷ ಕೊಡುವ ಮಾತೊಂದುಂಟು. ಆ ಕಾಲದಲ್ಲಿ ಧಾರವಾಡ, ಬೆಳಗಾವಿ ಮೊದಲಾದ ನಮ್ಮ ಭಾಗಕ್ಕೆ ದಕ್ಷಿಣ ಮರಾಠಾ ಸೀಮೆ ಎಂದು ಹೆಸರಿತ್ತು. ಈ ಸೀಮೆಯಲ್ಲಿ ಆಡುವ ಶಬ್ದಗಳಿಗೆ ಅವರು ನಿಘಂಟಿನಲ್ಲಿ ಪ್ರತ್ಯೇಕವಾದ ಗುರುತನ್ನು ಹಾಕಿದ್ದಾರೆ; ಮೈಸೂರಿನ ಮಾತಿಗೆ ಬೇರೊಂದು ಗುರುತು; ಮರಾಠಿಯಿಂದ ಬಂದದ್ದಕ್ಕೆ ಮತ್ತೊಂದು. ಎರಡು ಭಾಷೆಗಳ ಗಡಿಯಲ್ಲಿರುವ ನಮ್ಮ ಮಾತು ಬೆರಕೆಯೆಂದೂ ಒರಟೆಂದೂ ನಗುವವರಿದ್ದಾರೆ. ಕಿಟ್ಟೆಲ್ ಅಯ್ಯನವರು ನಗಲಿಲ್ಲ. ಕವಿಗಳ ಮಾತಿನ ಪಕ್ಕದಲ್ಲಿಯೇ ಅದಕ್ಕೆ ಸ್ಥಳ ಕೊಟ್ಟರು.

ಅವರ ಜೀವಮಾನದಲ್ಲಿ ದುಃಖವೂ ಇದ್ದಿತು. ಮೊದಲನೆಯ ಪತ್ನಿಯಾದ ಪೌಲೀನಮ್ಮನವರು ಮದುವೆಯಾದ ಕೆಲವೇ ವರುಷಗಳಲ್ಲಿ ತೀರಿಹೋದರು. ತರುವಾಯ ಆಕೆಯ ಸಹೋದರಿಯಾದ ಯೂಲಿಯಮ್ಮನವರನ್ನು ಮದುವೆಯಾದರು. 1892ರಲ್ಲಿ ನಮ್ಮ ದೇಶವನ್ನು ಕಡೆಯದಾಗಿ ಬಿಟ್ಟು ಟ್ಯೂಬಿಂಗೆನ್ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿನ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಮಾನಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಯಿತು; ಅದೇ ವರುಷದ ದಶಂಬರ ತಿಂಗಳಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು.

ಅವರ ಕೆಲವು ಅಭಿಪ್ರಾಯಗಳನ್ನು ತರುವಾಯದ ಪಂಡಿತರು ತಿದ್ದಿದ್ದಾರೆ. ಮನುಷ್ಯನ ಕೆಲಸದಲ್ಲಿ ಕೊರತೆ ಇಲ್ಲದಿರುವದಿಲ್ಲ. ಆದರೂ ಅವರ ನಿಘಂಟನ್ನು ಮದ್ರಾಸು ವಿಶ್ವವಿದ್ಯಾಲಯವು 1968ರಿಂದ ನಾಲ್ಕು ಸಂಪುಟಗಳಾಗಿ ಮರುಮುದ್ರಿಸಿತು. ಧಾರವಾಡದ ಕಾಲೇಜೊಂದು ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತಿದೆ. ಲಿಂಗಾಯತರೂ ಜೈನರೂ ಬ್ರಾಹ್ಮಣರೂ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಸಭೆಯ ಪಟ್ಟಿಯಲ್ಲಿ ಎಣಿಕೆಗೆ ಬಾರದ ಫಲವು ಜನರ ಹೃದಯದಲ್ಲಿ ಬೆಳೆಯಿತು.

ಆದದರಿಂದ, ಪ್ರಿಯರೇ, ಹಳೆಯ ಪದ್ಯವೆಂದ ಮಾತ್ರಕ್ಕೆ ಅದನ್ನು ಹೊರಗೆ ಎಸೆಯಬೇಡಿರಿ. ಅದರಲ್ಲಿ ನಂಬತಕ್ಕದ್ದು ಯಾವದು, ನಂಬತಕ್ಕದ್ದಲ್ಲದ್ದು ಯಾವದು ಎಂಬದನ್ನು ವಿವೇಚಿಸುವದು ನಮ್ಮ ಕರ್ತವ್ಯವೇ. ಆದರೆ ವಿವೇಚಿಸಬೇಕಾದರೆ ಮೊದಲು ಓದಬೇಕು. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಮುದುಕಿ ಇದ್ದರೆ ಸಂಜೆಯ ಪ್ರಾರ್ಥನೆಯಾದ ಮೇಲೆ ಆಕೆಯ ಹತ್ತಿರ ಕೂತುಕೊಳ್ಳಿರಿ. ಆಕೆ ಹೇಳುವ ಪದವನ್ನೂ ಗಾದೆಯನ್ನೂ ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಯಿಸಿರಿ. ಹಾಡು ಕಟ್ಟುವ ವರವು ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ನಮ್ಮ ಮಾತಿನಲ್ಲಿ, ನಮ್ಮ ಮಟ್ಟಿನಲ್ಲಿ ಕರ್ತನಿಗೆ ಒಂದು ಪದ ಕಟ್ಟಿರಿ. ಕಡಲು ದಾಟಿ ಬಂದವರು ಅದಕ್ಕೆ ನಾಚಲಿಲ್ಲ. ಇಲ್ಲಿಯೇ ಹುಟ್ಟಿದ ನಾವು ಯಾಕೆ ನಾಚಬೇಕು?