ಗಿಟಾರು ಮಾರಿ ಹೆಂಡ್ರಿಕ್ಸ್‌ನನ್ನು ತಂದ ಚಾಂಡ್ಲರ್

ಜಿಮಿ ಹೆಂಡ್ರಿಕ್ಸ್‌ನ ಹೆಸರು ಕೇಳದ ರಾಕ್ ಸಂಗೀತಪ್ರಿಯರು ವಿರಳ. ಆತನನ್ನು ಜಗತ್ತಿಗೆ ಕೇಳಿಸಿದ ಚಾಸ್ ಚಾಂಡ್ಲರ್‌ನ ಹೆಸರನ್ನು ಮಾತ್ರ ಎಲ್‌ಪಿ ರೆಕಾರ್ಡಿನ ಹೊದಿಕೆಯ ಮೂಲೆಯ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು. ಆ ಮೂಲೆಯನ್ನು ಓದುವ ಚಟ ನನಗಿದೆ.

ನಮ್ಮಲ್ಲಿ ನಿರ್ಮಾಪಕ ಎಂದರೆ ಚಲನಚಿತ್ರಕ್ಕೆ ಹಣ ಹಾಕುವ ಧಣಿ. ಧ್ವನಿಮುದ್ರಣದ ಲೋಕದಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ. ಯಾವ ಹಾಡು, ಯಾವ ಲಯ, ಯಾವ ವಾದ್ಯ ಮುಂದೆ ಬರಬೇಕು, ಹತ್ತು ಬಾರಿ ನುಡಿಸಿದ್ದರಲ್ಲಿ ಯಾವುದು ಉಳಿಯಬೇಕು ಎಂದು ತೀರ್ಮಾನಿಸುವ ಕಿವಿ ಆತನದು. ಚಾಂಡ್ಲರ್ ಎರಡೂ ಅರ್ಥಗಳಲ್ಲಿ ನಿರ್ಮಾಪಕನಾದ, ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೂ.

1938ರ ಡಿಸೆಂಬರ್ 18ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಹೀಟನ್ ಬಡಾವಣೆಯಲ್ಲಿ ಜನಿಸಿದ ಚಾಂಡ್ಲರ್, ಶಾಲೆ ಬಿಟ್ಟ ಮೇಲೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದ. ಅನಂತರ 'ಅನಿಮಲ್ಸ್' ತಂಡದಲ್ಲಿ ಬಾಸ್ ಗಿಟಾರ್ ನುಡಿಸಿದ. 1964ರಲ್ಲಿ ಆ ತಂಡ ಅತ್ಯಲ್ಪ ಸಮಯದಲ್ಲಿ ಧ್ವನಿಮುದ್ರಿಸಿದ 'ಹೌಸ್ ಆಫ್ ದಿ ರೈಸಿಂಗ್ ಸನ್' ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಅಗ್ರಸ್ಥಾನಕ್ಕೇರಿತು. ಅದು ಹಳೆಯ ಜನಪದ ಗೀತೆ. ನುಡಿಸಿದವರು ಐವರು, ವಾದ್ಯಸಂಯೋಜಕನೆಂದು ಅಚ್ಚಾದದ್ದು ಆರ್ಗನ್ ವಾದಕ ಅಲನ್ ಪ್ರೈಸ್ ಒಬ್ಬನ ಹೆಸರು. ಅದಕ್ಕೆ ಸಲ್ಲುವ ರಾಯಲ್ಟಿಯೂ ಆತನದೇ ಆಯಿತು. ಈ ಕಹಿ ತಂಡದೊಳಗೆ ದಶಕಗಳ ಕಾಲ ಉಳಿಯಿತು. ಸಂಗೀತದಲ್ಲಿ ದುಡಿಮೆ ಒಬ್ಬನದು, ಫಲ ಇನ್ನೊಬ್ಬನದು ಎಂಬ ಪಾಠವನ್ನು ಚಾಂಡ್ಲರ್ ಕಲಿತದ್ದು ಇಲ್ಲಿಯೇ ಇರಬೇಕೆಂದು ನನ್ನ ಊಹೆ.

1966ರಲ್ಲಿ ತಂಡ ಮುರಿದುಬೀಳುವ ಹೊತ್ತಿಗೆ ಆತ ಅಮೆರಿಕ ಪ್ರವಾಸದಲ್ಲಿದ್ದ. 'ಹೇ ಜೋ' ಎಂಬ ಹಾಡನ್ನು ಕೇಳಿ, ಬ್ರಿಟನ್ನಿನಲ್ಲಿ ಅದನ್ನು ಹಾಡಿಸಲು ತಕ್ಕವನನ್ನು ಮನಸ್ಸಿನಲ್ಲೇ ಅರಸುತ್ತಿದ್ದ. ಲಿಂಡಾ ಕೀತ್ ಎಂಬ ಇಂಗ್ಲಿಷ್ ರೂಪದರ್ಶಿಯ ಮಾತು ನಂಬಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ 'ಕೆಫೆ ವಾ' ಎಂಬ ಪುಟ್ಟ ತಾಣಕ್ಕೆ ಹೋದಾಗ, ಅಲ್ಲಿ ಎಡಗೈಯಲ್ಲಿ ಗಿಟಾರ್ ನುಡಿಸುತ್ತಿದ್ದ ಯುವಕ ಅದೇ ಹಾಡನ್ನು ಹಾಡುತ್ತಿದ್ದ. ಕತೆಗಾರರು ಕಲ್ಪಿಸಿದರೆ ಅತಿಯಾಯಿತು ಎನ್ನಬಹುದಾದ ಕಾಕತಾಳೀಯ ಇದು!

ಸೆಪ್ಟೆಂಬರ್ 24ರಂದು ಹೆಂಡ್ರಿಕ್ಸ್ ಲಂಡನ್ನಿಗೆ ಬಂದಿಳಿದ. ಒಂದೇ ವಾರದಲ್ಲಿ, ಅಕ್ಟೋಬರ್ 1ರಂದು, ಎರಿಕ್ ಕ್ಲಾಪ್ಟನ್‌ನ 'ಕ್ರೀಮ್' ತಂಡದೊಂದಿಗೆ ವೇದಿಕೆ ಏರಿ ಕ್ಲಾಪ್ಟನ್‌ನನ್ನೇ ಬೆರಗುಗೊಳಿಸಿದ. ಖರ್ಚು ತೂಗಿಸಲು ಚಾಂಡ್ಲರ್ ತನ್ನ ಬಾಸ್ ಗಿಟಾರುಗಳನ್ನು ಮಾರಿದ. ವಾದಕನೊಬ್ಬ ತನ್ನ ವಾದ್ಯವನ್ನೇ ಮಾರುವುದೆಂದರೆ ಇನ್ನು ನುಡಿಸುವುದಿಲ್ಲವೆಂದು ಬರೆದುಕೊಟ್ಟಂತೆ. ಇಬ್ಬರೂ ಒಂದೇ ಮನೆಯಲ್ಲಿದ್ದರು; ಚಾಂಡ್ಲರ್‌ನ ವೈಜ್ಞಾನಿಕ ಕಾದಂಬರಿಗಳನ್ನು ಹೆಂಡ್ರಿಕ್ಸ್ ಓದುತ್ತಿದ್ದ, ಅವುಗಳ ನೆರಳು ಹಾಡುಗಳ ಮೇಲೂ ಬಿತ್ತು.

ಸ್ಟುಡಿಯೊದಲ್ಲಿ ಗಂಟೆಗಂಟೆಗೂ ಬಾಡಿಗೆ ತೆರಬೇಕಿದ್ದುದರಿಂದ ಚಾಂಡ್ಲರ್ ಕಾಲವನ್ನು ಜಿಪುಣನಂತೆ ಬಳಸಿದ. 'ದಿ ವಿಂಡ್ ಕ್ರೈಸ್ ಮೇರಿ' ರೂಪುಗೊಂಡದ್ದು ಧ್ವನಿಮುದ್ರಣದ ಅವಧಿಯ ಕೊನೆಯಲ್ಲಿ ಉಳಿದ ಸುಮಾರು 20 ನಿಮಿಷಗಳಲ್ಲಿ. 1967ರಲ್ಲಿ ಬಂದ ಮೊದಲ ಆಲ್ಬಮ್ 'ಆರ್ ಯೂ ಎಕ್ಸ್‌ಪೀರಿಯೆನ್ಸ್ಡ್' ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿತು; ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್' ಅದರ ದಾರಿಗೆ ಅಡ್ಡವಾಗಿತ್ತು. ಅದೇ ಡಿಸೆಂಬರಿನಲ್ಲಿ ಎರಡನೆಯದೂ ಹೊರಬಂತು.

1968ರ ಹೊತ್ತಿಗೆ ಹೆಂಡ್ರಿಕ್ಸ್‌ಗೆ ಆ ಬಿಗಿ ಸಾಕಾಗಿತ್ತು. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸುತ್ತ, ಸುತ್ತ ಸ್ನೇಹಿತರನ್ನೂ ಪರಿಚಿತರನ್ನೂ ಕೂಡಿಸಿಕೊಂಡು, ಗಡಿಯಾರವನ್ನು ಮರೆತ. ಚಾಂಡ್ಲರ್ ಎದ್ದು ಹೊರಟ. ಬಳಿಕ ತನ್ನ ಪಾಲನ್ನು ಪಾಲುದಾರ ಮೈಕ್ ಜೆಫ್ರಿಗೆ ಬಿಟ್ಟುಕೊಟ್ಟ. ನಿರ್ಮಾಪಕನಾಗಿ ಹೆಂಡ್ರಿಕ್ಸ್‌ನ ಹೆಸರೊಂದನ್ನೇ ಹೊತ್ತ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' ಅಮೆರಿಕದಲ್ಲಿ ಮೊದಲ ಸ್ಥಾನ ಗಳಿಸಿತು. ಆ ವಿಸ್ತಾರ ಚಾಂಡ್ಲರ್‌ನ ಕೈಕೆಳಗೆ ಸಾಧ್ಯವಿರಲಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ 1970ರ ಸೆಪ್ಟೆಂಬರ್ 18ರಂದು ಸಾಯುವವರೆಗೆ ಹೆಂಡ್ರಿಕ್ಸ್ ಮತ್ತೊಂದು ಸ್ಟುಡಿಯೊ ಆಲ್ಬಮ್ ಪೂರ್ಣಗೊಳಿಸಲಿಲ್ಲವೆಂಬುದೂ ನಿಜ. ಮುದ್ರಿಕೆಗಳು ರಾಶಿ ಬಿದ್ದಿದ್ದವು. ಸಾಕು ಎನ್ನಬಲ್ಲವನು ಪಕ್ಕದಲ್ಲಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1969ರಲ್ಲಿ ಚಾಂಡ್ಲರ್ 'ಸ್ಲೇಡ್' ಎಂಬ ತಂಡವನ್ನು ಕೈಗೆತ್ತಿಕೊಂಡ. ಸ್ವಂತ ಹಾಡು ಬರೆಯುವಂತೆ ಅವರನ್ನು ಒತ್ತಾಯಿಸಿದ. 1971ರಿಂದ 1973ರೊಳಗೆ ಅವರ ಆರು ಹಾಡುಗಳು ಬ್ರಿಟನ್ನಿನ ಅಗ್ರಸ್ಥಾನಕ್ಕೇರಿದವು. ಶೀರ್ಷಿಕೆಗಳ ಕಾಗುಣಿತವನ್ನು ಬೇಕೆಂದೇ ಕೆಡಿಸುವ ಅವರ ತುಂಟತನ ಶಾಲಾ ಉಪಾಧ್ಯಾಯರಿಗೆ ಹಿಡಿಸಿರಲಾರದು. ಹೆಂಡ್ರಿಕ್ಸ್‌ನ ಆಳ ಅವರಲ್ಲಿರಲಿಲ್ಲ. ಆದರೆ ಇಲ್ಲಿ ಚಾಂಡ್ಲರ್‌ನ ಮಾತನ್ನು ಕೇಳುವವರಿದ್ದರು.

ಕೊನೆಗಾಲದಲ್ಲಿ ಆತ ತನ್ನೂರು ನ್ಯೂಕ್ಯಾಸಲ್‌ಗೆ ಮರಳಿ, ಸ್ಯಾಕ್ಸೊಫೋನ್ ವಾದಕ ನೈಜೆಲ್ ಸ್ಟ್ಯಾಂಗರ್‌ನ ಜೊತೆಗೂಡಿ ಸಾವಿರಾರು ಪ್ರೇಕ್ಷಕರು ಕೂರಬಲ್ಲ ಒಂದು ದೊಡ್ಡ ಒಳಾಂಗಣ ಸಭಾಂಗಣ ಕಟ್ಟಿಸಿದ. ಅದು ತೆರೆದದ್ದು 1995ರ ನವೆಂಬರಿನಲ್ಲಿ. 1996ರ ಜುಲೈ 17ರಂದು ಆತ ತೀರಿಕೊಂಡ, 57ರ ವಯಸ್ಸಿನಲ್ಲಿ; ಆಗ ಸಭಾಂಗಣಕ್ಕೆ ಎಂಟು ತಿಂಗಳು ತುಂಬುತ್ತಿತ್ತು.